ಲಾನ್ ಹಸಿರಾಗಿರಬೇಕು ಅನ್ನುತ್ತೆ ಸಂಘ, ನೀರು ಹಾಕಬೇಡಿ ಅನ್ನುತ್ತೆ ಜಲಮಂಡಳಿ: ಮಧ್ಯದಲ್ಲಿ ಸಿಕ್ಕಿಕೊಂಡ ಮನೆ ಮಾಲೀಕರ ಪಾಡೇನು?

ಬೆಂಗಳೂರು: ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ನಗರದ ಅಪಾರ್ಟ್‌ಮೆಂಟ್ ಮತ್ತು ವಿಲ್ಲಾ ಬಡಾವಣೆಗಳಲ್ಲಿ ಒಂದು ಹಳೇ ಜಗಳ ಹೊಸದಾಗಿ ಶುರುವಾಗುತ್ತೆ. ಕುಡಿಯೋ ನೀರಿಗೇ ಟ್ಯಾಂಕರ್ ಕಾಯುವಾಗ ಹುಲ್ಲಿಗೆ ಸ್ಪ್ರಿಂಕ್ಲರ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ಲಾನ್ ಒಣಗಿಸೋಕಾಗುತ್ತಾ, ಮೇಂಟೆನೆನ್ಸ್ ಯಾಕೆ ಕಟ್ಟುತ್ತಿದ್ದೀವಿ ಅಂತ ಇನ್ನು ಕೆಲವರು ತಿರುಗಿ ಕೇಳುತ್ತಾರೆ. ಸಂಘದ ಪದಾಧಿಕಾರಿಗಳಿಗೆ ಎರಡೂ ಕಡೆಯಿಂದ ಬೈಗುಳ.

ಮೇಲ್ನೋಟಕ್ಕೆ ಇದು ಕಾಂಪೌಂಡ್ ಒಳಗಿನ ಜಗಳ. ಒಳಗೆ ಇಣುಕಿ ನೋಡಿದರೆ ಕಾನೂನಿನಲ್ಲೇ ಒಂದು ಖಾಲಿ ಜಾಗ ಇದೆ. ಜಲಮಂಡಳಿಯ ಆದೇಶ ನಲ್ಲಿಯ ಬಗ್ಗೆ ಮಾತಾಡುತ್ತೆ, ಸಂಘದ ಬೈಲಾ ಹುಲ್ಲಿನ ಬಗ್ಗೆ ಮಾತಾಡುತ್ತೆ. ಬರ ಬಂದಾಗ ಇವೆರಡರಲ್ಲಿ ಯಾವುದು ಮೇಲು, ನೀರು ಉಳಿಸಿದವನನ್ನು ಕಾಯೋರು ಯಾರು ಅನ್ನೋದನ್ನು ಯಾರೂ ಸ್ಪಷ್ಟವಾಗಿ ಬರೆದಿಟ್ಟಿಲ್ಲ.

ಆದೇಶ ಏನು ಹೇಳಿತ್ತು?

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಕಥೆ ದೇಶಕ್ಕೆಲ್ಲ ಸುದ್ದಿಯಾಯಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ನಗರಕ್ಕೆ ದಿನಕ್ಕೆ ಬೇಕಾದ್ದು 2,600 ಎಂಎಲ್‌ಡಿ, ಅದರಲ್ಲಿ ಸುಮಾರು 500 ಎಂಎಲ್‌ಡಿ ಕೊರತೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಮಾರ್ಚ್‌ನಲ್ಲಿ ತಿಳಿಸಿದ್ದರು. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್.

ಆ ಹೊತ್ತಿನಲ್ಲೇ, 2024ರ ಮಾರ್ಚ್ ಎರಡನೇ ವಾರದ ಹೊತ್ತಿಗೆ, ಜಲಮಂಡಳಿ ಆದೇಶ ಹೊರಡಿಸಿತು. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ, ಕಾರಂಜಿಗೆ, ರಸ್ತೆ ತೊಳೆಯಲು ಕುಡಿಯುವ ನೀರು ಬಳಸುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂ. ದಂಡ. ಮತ್ತೆ ತಪ್ಪು ಮಾಡಿದರೆ ಇನ್ನೊಂದು 5,000 ರೂ., ಜೊತೆಗೆ ದಿನಕ್ಕೆ 500 ರೂ. ಇದಕ್ಕೆ ಆಧಾರ 1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಾಯ್ದೆ. ಉಲ್ಲಂಘನೆ ಕಂಡರೆ 1916ಕ್ಕೆ ಫೋನ್ ಮಾಡಿ ಅಂತ ಸಾರ್ವಜನಿಕರಿಗೂ ಹೇಳಲಾಯಿತು. ಅದೇ ತಿಂಗಳು ಮೂರೇ ದಿನದಲ್ಲಿ 22 ಮನೆಗಳಿಂದ 1.1 ಲಕ್ಷ ರೂ. ದಂಡ ವಸೂಲಾಯಿತು.

2024ರ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತ ಉದ್ಘಾಟನೆಯಾಗಿ 775 ಎಂಎಲ್‌ಡಿ ಹೆಚ್ಚುವರಿ ನೀರಿಗೆ ದಾರಿಯಾಯಿತು. ಇನ್ನು ತೊಂದರೆ ಇಲ್ಲ ಅಂದುಕೊಂಡವರೂ ಇದ್ದರು. ಆದರೆ 2025ರ ಫೆಬ್ರವರಿ 17ರಂದು ಅದೇ ನಿರ್ಬಂಧ, ಅದೇ ದಂಡದ ಮೊತ್ತದೊಂದಿಗೆ, ಮತ್ತೆ ಹೊರಬಿತ್ತು. ಅಂದರೆ ಇದನ್ನು ಒಂದು ಬರದ ವರ್ಷದ ಕ್ರಮ ಅಂತ ತಳ್ಳಿಹಾಕೋಕಾಗಲ್ಲ. ಬೇಸಿಗೆಯ ಕಾಯಂ ನಿಯಮ ಆಗೋ ದಾರಿಯಲ್ಲಿದೆ.

5,000 ರೂ. ದಂಡ, ತಲೆಗೆ 25 ರೂ.

ಆದೇಶ ಒಂಟಿ ಮನೆಗೆ ಕೆಲಸ ಮಾಡುತ್ತೆ. ಪೈಪ್ ಹಿಡಿದು ಕಾರು ತೊಳೆಯುವವರು, ಗಿಡಕ್ಕೆ ನೀರು ಬಿಡುವವರು ರಸ್ತೆಗೆ ಕಾಣುತ್ತಾರೆ. 5,000 ರೂ. ಕಟ್ಟಬೇಕು ಅಂದರೆ ಆ ಮನೆಯವರಿಗೆ ಬಿಸಿ ತಟ್ಟುತ್ತೆ.

ಗೇಟ್ ಇರುವ ಬಡಾವಣೆಯ ಕಥೆ ಬೇರೆ. ಅಲ್ಲಿ ನೀರಿನ ಸಂಪರ್ಕ ಸಾಮಾನ್ಯವಾಗಿ ಸಂಘದ ಹೆಸರಲ್ಲಿ, ಒಂದೇ ಮೀಟರ್. ಲಾನ್ ಇರುವುದು ಕಾಂಪೌಂಡ್ ಒಳಗೆ. ಇನ್ಸ್‌ಪೆಕ್ಟರ್ ಒಳಗೆ ಬರಬೇಕಾದರೆ ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿ ಹೆಸರು ಬರೆಯಬೇಕು. ಒಂದು ವೇಳೆ ದಂಡ ಬಿತ್ತು ಅಂತಲೇ ಇಟ್ಟುಕೊಳ್ಳಿ. 200 ಫ್ಲ್ಯಾಟ್‌ಗೆ ಹಂಚಿದರೆ ಮನೆಗೆ 25 ರೂ. ದಿನದ 500 ರೂ. ಹಂಚಿದರೆ ಮನೆಗೆ ಎರಡೂವರೆ ರೂ. ಒಂದು ಕಾಫಿಗೂ ಸಾಲದ ದುಡ್ಡು. ತಿಂಗಳ ಬಿಲ್‌ನಲ್ಲಿ ಯಾರ ಕಣ್ಣಿಗೂ ಬೀಳಲ್ಲ.

ಹೀಗಾಗಿ ಅತಿ ಹೆಚ್ಚು ಹುಲ್ಲು ಬೆಳೆಸಿರುವ ಜಾಗಕ್ಕೇ ದಂಡದ ಭಯ ಅತಿ ಕಡಿಮೆ. ಮನೆ ಮುಂದೆ ನಾಲ್ಕು ಕುಂಡ ಇಟ್ಟುಕೊಂಡವರು ಪೂರ್ತಿ 5,000 ಕಟ್ಟುತ್ತಾರೆ.

ಒಂದು ಎಕರೆ ಹುಲ್ಲು ಎಷ್ಟು ಕುಡಿಯುತ್ತೆ?

ಲೆಕ್ಕ ಕಷ್ಟವಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕು ಅಂತ ಹಿಡಿಯೋಣ. ಸಾವಿರ ಚದರ ಅಡಿ ಲಾನ್‌ಗೆ ದಿನಕ್ಕೆ ಸುಮಾರು 465 ಲೀಟರ್ ಆಯಿತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ಅದರ ಪ್ರಕಾರ ನಾಲ್ಕು ಜನರ ಕುಟುಂಬಕ್ಕೆ 540 ಲೀಟರ್. ಹೆಚ್ಚುಕಮ್ಮಿ ಒಂದು ಮನೆಯಷ್ಟೇ ನೀರನ್ನು ಆ ತುಂಡು ಹುಲ್ಲು ಕುಡಿಯುತ್ತೆ.

ಒಂದು ಎಕರೆ ಲಾನ್ ಆದರೆ ದಿನಕ್ಕೆ 20 ಸಾವಿರ ಲೀಟರ್, ಸುಮಾರು 150 ಜನರ ಪಾಲು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗೆ 12 ಸಾವಿರ ಲೀಟರ್ ಟ್ಯಾಂಕರ್‌ಗೆ 1,000 ರೂ. ಅಂತ ದರ ನಿಗದಿ ಮಾಡಿತ್ತು. ಆ ದರದಲ್ಲೇ ನೋಡಿದರೂ ಒಂದು ಎಕರೆ ಹುಲ್ಲಿಗೆ ದಿನಕ್ಕೆ ಹತ್ತಿರ ಹತ್ತಿರ ಎರಡು ಟ್ಯಾಂಕರ್.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 200 ಫ್ಲ್ಯಾಟ್, ಮನೆಗೆ ನಾಲ್ಕು ಜನ ಅಂದರೆ ದಿನದ ಬಳಕೆ 1 ಲಕ್ಷ 8 ಸಾವಿರ ಲೀಟರ್. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ವಾಪಸ್ ಬರುತ್ತೆ ಅಂತ ಹಿಡಿದರೂ 86 ಸಾವಿರ ಲೀಟರ್. ಎಸ್‌ಟಿಪಿಯಲ್ಲಿ ಶುದ್ಧೀಕರಿಸಿ ಶೌಚಾಲಯದ ಫ್ಲಶ್‌ಗೆ ಸುಮಾರು 36 ಸಾವಿರ ಕೊಟ್ಟರೂ 50 ಸಾವಿರ ಲೀಟರ್ ಉಳಿಯುತ್ತೆ. ಒಂದು ಎಕರೆ ಲಾನ್‌ಗೆ ಬೇಕಾದ್ದರ ಎರಡೂವರೆ ಪಟ್ಟು.

ಅಂದರೆ ಎಸ್‌ಟಿಪಿ ಸರಿಯಾಗಿ ನಡೆಯುವ ದೊಡ್ಡ ಸಮುಚ್ಚಯದಲ್ಲಿ ಲಾನ್‌ಗೆ ಕಾವೇರಿ ನೀರು, ಟ್ಯಾಂಕರ್ ನೀರು ಬಿಡುವುದಕ್ಕೆ ಕಾರಣವೇ ಇಲ್ಲ. ಎಸ್‌ಟಿಪಿ ಇಲ್ಲದ ಸಣ್ಣ ಬಡಾವಣೆಯಲ್ಲಿ ಲಾನ್ ಹಸಿರಾಗಿದ್ದರೆ ಅದು ಯಾರದೋ ಕುಡಿಯುವ ನೀರು ಅಂತಲೇ ಅರ್ಥ. ಇಬ್ಬರಿಗೂ ಒಂದೇ ಆದೇಶ ಓದಿ ಹೇಳಿದರೆ ಸಾಲದು.

ಬೈಲಾ ಯಾರ ಪರ?

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಪ್ರತಿ ಮಾಲೀಕರೂ ಸಂಘದ ಬೈಲಾ ಪಾಲಿಸಬೇಕು, ಸಾಮಾನ್ಯ ಖರ್ಚಿನಲ್ಲಿ ತಮ್ಮ ಪಾಲು ಕೊಡಬೇಕು. ಅಲ್ಲಿಗೆ ಸರಿ. ವಿಲ್ಲಾ ಬಡಾವಣೆಗಳಲ್ಲಿ ಇದರ ಜೊತೆಗೆ ಬಿಲ್ಡರ್ ಕಾಲದ ಒಪ್ಪಂದದ ಷರತ್ತುಗಳೂ ಇರುತ್ತವೆ. ಮನೆ ಮುಂಭಾಗ ಬದಲಿಸುವಂತಿಲ್ಲ, ಎಲ್ಲ ಮನೆಗಳೂ ಒಂದೇ ರೀತಿ ಕಾಣಬೇಕು, ಮುಂದಿನ ಹಸಿರು ಜಾಗವನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅನ್ನುವಂಥವು.

ಈಗ ಒಬ್ಬ ಮಾಲೀಕರು ಬರದ ವರ್ಷ ತಮ್ಮ ಮನೆ ಮುಂದಿನ ಹುಲ್ಲಿಗೆ ನೀರು ನಿಲ್ಲಿಸಿದರು ಅಂತ ಊಹಿಸಿಕೊಳ್ಳಿ. ಹುಲ್ಲು ಕಂದು ಬಣ್ಣಕ್ಕೆ ತಿರುಗಿತು. ಸಂಘ ನೋಟಿಸ್ ಕೊಟ್ಟಿತು. ಅವರು ಜಲಮಂಡಳಿ ಆದೇಶ ತೋರಿಸಬಹುದು. ಆಗ ಸಂಘದ ಉತ್ತರ ಸಿದ್ಧವಾಗಿರುತ್ತೆ: ಆದೇಶ ನಿಷೇಧಿಸಿರೋದು ಕುಡಿಯುವ ನೀರನ್ನು, ಲಾನ್ ಹಸಿರಾಗಿಡುವುದನ್ನಲ್ಲ, ಸಂಸ್ಕರಿಸಿದ ನೀರಿನ ಟ್ಯಾಂಕರ್ ತರಿಸಿಕೊಳ್ಳಿ.

ಬೈಲಾ ಯಾವತ್ತೂ ಕಾನೂನಿಗಿಂತ ದೊಡ್ಡದಲ್ಲ, ಅದು ನಿಜ. ಕುಡಿಯುವ ನೀರನ್ನೇ ಹಾಕಿ ಅಂತ ಯಾವ ಸಂಘವೂ ಹೇಳುವ ಹಾಗಿಲ್ಲ. ಆದರೆ ನೀರು ನಿಲ್ಲಿಸಿದವರಿಗೆ ಸಂಘ ದಂಡ ಹಾಕಬಾರದು ಅಂತ ಆದೇಶದ ಯಾವ ಸಾಲಲ್ಲೂ ಇಲ್ಲ. ದೂರು ಕೊಡಬೇಕಾದರೆ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಅಂತ ಮೊದಲು ಹುಡುಕಬೇಕು. ಕೆಲವು 1972ರ ಕಾಯ್ದೆಯಡಿ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಕೆಲವು ಸಹಕಾರ ಸಂಘವಾಗಿ. ಕಚೇರಿ ಅಲೆದು ಉತ್ತರ ಬರೋ ಹೊತ್ತಿಗೆ ಮುಂಗಾರು ಬಂದಿರುತ್ತೆ. ಅಷ್ಟು ಹೊತ್ತಿಗೆ ಹೆಚ್ಚಿನವರು ಸುಮ್ಮನೆ ಪೈಪ್ ಬಿಟ್ಟಿರುತ್ತಾರೆ.

ಕ್ಯಾಲಿಫೋರ್ನಿಯಾ ಇದೇ ಗಂಟು ಬಿಡಿಸಿದ್ದು ಹೇಗೆ?

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಎಚ್‌ಒಎ ಅನ್ನೋ ಪದ ಹೊಸದಲ್ಲ. ಅಲ್ಲಿನ ಮನೆ ಮಾಲೀಕರ ಸಂಘ ಅದು. ಹುಲ್ಲು ಎಷ್ಟು ಎತ್ತರ ಇರಬೇಕು, ಯಾವ ಬಣ್ಣ ಇರಬೇಕು ಅನ್ನೋವರೆಗೂ ಅದರ ರೂಲು ಹೋಗುತ್ತೆ, ತಪ್ಪಿದರೆ ದಂಡ. ಬೆಂಗಳೂರಿನ ಗೇಟೆಡ್ ಬಡಾವಣೆಗಳ ರೂಪ, ಲಾನ್ ಮೇಲಿನ ಮೋಹ ಎರಡೂ ಬಹುಪಾಲು ಅಲ್ಲಿಂದಲೇ ಬಂದಿದ್ದು. ಅಲ್ಲಿಂದ ಬಂದ ಕಾಯಿಲೆಗೆ ಅಲ್ಲಿ ಮಾಡಿದ ಔಷಧ ಏನು ಅಂತ ನೋಡೋದು ತಪ್ಪಲ್ಲ.

2014ರ ಜನವರಿ 17ರಂದು ಕ್ಯಾಲಿಫೋರ್ನಿಯಾ ಗವರ್ನರ್ ಜೆರ್ರಿ ಬ್ರೌನ್ ಬರದ ತುರ್ತುಸ್ಥಿತಿ ಘೋಷಿಸಿದರು. ಆ ಜುಲೈನಲ್ಲಿ ನೀರು ಪೋಲು ಮಾಡುವವರಿಗೆ ದಿನಕ್ಕೆ 500 ಡಾಲರ್‌ವರೆಗೆ ದಂಡ ಹಾಕಲು ರಾಜ್ಯದ ಜಲಮಂಡಳಿ ನಿಯಮ ತಂದಿತು. ಅದೇ ತಿಂಗಳು ಗ್ಲೆಂಡೋರಾ ಅನ್ನೋ ಊರಿನಲ್ಲಿ, ನೀರು ಉಳಿಸಲು ಲಾನ್ ಒಣಗಲು ಬಿಟ್ಟ ದಂಪತಿಗೆ ನಗರಾಡಳಿತದಿಂದ ಪತ್ರ ಬಂತು. ಹುಲ್ಲು ಹಸಿರು ಮಾಡದಿದ್ದರೆ 500 ಡಾಲರ್‌ವರೆಗೆ ದಂಡ ಅಂತ ಎಚ್ಚರಿಕೆ. ಹಾಕಿದರೂ ದಂಡ, ಹಾಕದಿದ್ದರೂ ದಂಡ. ದೇಶವೆಲ್ಲ ನಕ್ಕಿತು.

ಆ ಜುಲೈನಲ್ಲೇ ಕಾನೂನು ಬದಲಾಯಿತು. ಬರದ ತುರ್ತುಸ್ಥಿತಿ ಇರುವಷ್ಟು ಕಾಲ, ಲಾನ್‌ಗೆ ನೀರು ಕಡಿಮೆ ಮಾಡಿದ ಅಥವಾ ನಿಲ್ಲಿಸಿದ ಕಾರಣಕ್ಕೆ ಯಾವ ಎಚ್‌ಒಎ ಕೂಡ ಮಾಲೀಕರಿಗೆ ದಂಡ ಹಾಕುವಂತಿಲ್ಲ ಅಂತ ಸಿವಿಲ್ ಕೋಡ್‌ನಲ್ಲೇ ಬರೆದರು. ಅದಕ್ಕೆ ಒಂದು ವಿನಾಯಿತಿಯೂ ಸೇರಿತು. ಮರುಬಳಕೆ ನೀರಿನ ಸರಬರಾಜು ಬರುತ್ತಿದ್ದೂ ಅದನ್ನು ಬಳಸದೆ ಲಾನ್ ಒಣಗಿಸಿದರೆ ಈ ರಕ್ಷಣೆ ಸಿಗಲ್ಲ. ಬೆಂಗಳೂರಿಗೆ ಬೇಕಾಗಿರೋ ವಿಂಗಡಣೆ ಸರಿಯಾಗಿ ಇದೇ.

ನಗರಾಡಳಿತಗಳಿಗೂ ಇದೇ ನಿಯಮ 2015ರಲ್ಲಿ ಬಂತು. ಅದೇ ವರ್ಷ ಇನ್ನೊಂದು ಮಾತೂ ಸೇರಿತು: ಬರದಲ್ಲಿ ಹುಲ್ಲು ಕಿತ್ತು ಕಡಿಮೆ ನೀರಿನ ಗಿಡ ಹಾಕಿಕೊಂಡವರಿಗೆ, ಬರ ಮುಗಿದ ಮೇಲೆ ಮತ್ತೆ ಲಾನ್ ಹಾಕಿ ಅಂತ ಸಂಘ ಬಲವಂತ ಮಾಡುವಂತಿಲ್ಲ. ಟೆಕ್ಸಾಸ್‌ನಲ್ಲೂ ಬರ ತಡೆಯುವ ಗಿಡ ಹಾಕುವುದನ್ನು, ಮಳೆ ನೀರು ಹಿಡಿಯುವ ಪೀಪಾಯಿ ಇಡುವುದನ್ನು ಸಂಘ ನಿಷೇಧಿಸದಂತೆ ಕಾನೂನಿದೆ.

2023ರಲ್ಲಿ ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಹೋಯಿತು. ಯಾರೂ ಕೂರದ, ಮಕ್ಕಳು ಆಡದ, ಬರೀ ನೋಟಕ್ಕೆ ಅಂತ ಇರುವ ಹುಲ್ಲಿಗೆ ಕುಡಿಯುವ ನೀರು ಹಾಕುವುದನ್ನು ಹಂತ ಹಂತವಾಗಿ ಕಾಯಂ ಆಗಿ ನಿಲ್ಲಿಸುವ ಕಾಯ್ದೆ ಮಾಡಿತು. ಸರ್ಕಾರಿ ಜಾಗಗಳಿಗೆ 2027ರಿಂದ, ವಾಣಿಜ್ಯ ಜಾಗಗಳಿಗೆ 2028ರಿಂದ, ಎಚ್‌ಒಎಗಳ ಸಾಮಾನ್ಯ ಜಾಗಗಳಿಗೆ 2029ರಿಂದ. ಇಲ್ಲಿ ಗಮನಿಸಬೇಕಾದ್ದು, ಆ ಕಾಯ್ದೆ ಮನೆಯೊಬ್ಬರ ಸ್ವಂತ ಅಂಗಳ ಮುಟ್ಟಿಲ್ಲ. ಸಂಘದ ಕೈಯಲ್ಲಿರುವ ದೊಡ್ಡ ಹುಲ್ಲುಹಾಸನ್ನು ಹಿಡಿದಿದೆ. ಸಣ್ಣವರನ್ನು ಬಿಟ್ಟು ದೊಡ್ಡ ಬಳಕೆದಾರರನ್ನು ಹಿಡಿಯುವುದು ಅಂದರೆ ಇದು.

‘ನಮ್ಮ ಬೋರ್‌ವೆಲ್ ನೀರು’ ಅನ್ನೋ ನೆಪ

ಇಲ್ಲಿಗೆ ಬಂದರೆ ಇನ್ನೊಂದು ವಾದ ಕೇಳಿಬರುತ್ತೆ. ಕಾವೇರಿ ನೀರಲ್ಲ, ನಮ್ಮ ಬೋರ್‌ವೆಲ್ ನೀರು ಹಾಕ್ತಿದ್ದೀವಿ ಅಂತ. ಬೋರ್‌ವೆಲ್ ಕೊರೆಸಿದ ಜಾಗ ಸಂಘದ್ದಿರಬಹುದು, ಕೆಳಗಿನ ನೀರಿಗೆ ಕಾಂಪೌಂಡ್ ಇಲ್ಲ. ಸಾವಿರ ಅಡಿ ಆಳಕ್ಕೆ ಮೋಟರ್ ಇಳಿಸಿ ಹುಲ್ಲಿಗೆ ನೀರು ಎತ್ತಿದರೆ, ಪಕ್ಕದ ಹಳ್ಳಿಯ ಇನ್ನೂರು ಅಡಿ ಬೋರ್‌ವೆಲ್ ಮೊದಲು ಬತ್ತುತ್ತೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಸುತ್ತಮುತ್ತಲೇ ಈ ವಿಲ್ಲಾ ಬಡಾವಣೆಗಳು ಹೆಚ್ಚು ಇರುವುದು. ಕಾವೇರಿ ಕೊನೆಗೆ ತಲುಪಿದ್ದೂ ಅಲ್ಲಿಗೇ. ಒಂದು ಕಡೆ ಗೋಡೆಯೊಳಗೆ ಸ್ಪ್ರಿಂಕ್ಲರ್, ಗೋಡೆಯಾಚೆ ಕೊಡ ಹಿಡಿದ ಸಾಲು. 2024ರಲ್ಲಿ ಬೆಂಗಳೂರು ಕಂಡ ಚಿತ್ರ ಇದು.

ಆದ್ದರಿಂದ ಆದೇಶದಲ್ಲಿ ‘ಕುಡಿಯುವ ನೀರು’ ಅಂದರೆ ಬೋರ್‌ವೆಲ್ ಮತ್ತು ಖಾಸಗಿ ಟ್ಯಾಂಕರ್ ನೀರೂ ಸೇರುತ್ತೆ ಅಂತ ಯಾರಿಗೂ ಅನುಮಾನ ಉಳಿಯದ ಹಾಗೆ ಬರೆಯಬೇಕು.

ಮರ ಬೇರೆ, ಹುಲ್ಲು ಬೇರೆ

‘ಕೈತೋಟ’ ಅನ್ನೋ ಒಂದೇ ಪದದಡಿ ಮರ, ಸಸಿ, ತರಕಾರಿ ಮಡಿ, ಲಾನ್ ಎಲ್ಲ ಬಂದುಬಿಡುತ್ತೆ. ಹೋದ ಮಳೆಗಾಲ ನೆಟ್ಟ ಹೊಂಗೆ ಸಸಿಗೆ ವಾರಕ್ಕೆ ಎರಡು ಬಕೆಟ್ ನೀರು ಇಲ್ಲದಿದ್ದರೆ ಅದು ಸತ್ತೇ ಹೋಗುತ್ತೆ. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರೇ ಅದಕ್ಕೆ ಸಾಕು. ಹುಲ್ಲಿನ ಗುಣ ಬೇರೆ. ಗಣೇಶನಿಗೆ ಏರಿಸುವ ಗರಿಕೆಯನ್ನೇ ನೋಡಿ. ಬೇಸಿಗೆಯಲ್ಲಿ ಸತ್ತ ಹಾಗೆ ಒಣಗಿ ಮಲಗಿರುತ್ತೆ, ಮೊದಲ ಮಳೆ ಬಿದ್ದ ವಾರದೊಳಗೆ ಮತ್ತೆ ಚಿಗುರುತ್ತೆ. ಬೇರು ಸತ್ತಿರಲ್ಲ. ನರ್ಸರಿಯಿಂದ ಚದರ ಅಡಿ ಲೆಕ್ಕದಲ್ಲಿ ತಂದು ಹಾಸುವ ಮೆತ್ತನೆಯ ಹುಲ್ಲಿಗೆ ಆ ತಾಳ್ಮೆ ಇಲ್ಲ.

ಹಾಗಾಗಿ ನೀರು ಕಡಿತದ ಸರದಿ ಹುಲ್ಲಿನಿಂದ ಶುರುವಾಗಬೇಕು, ಮರಕ್ಕೆ ಕೊನೆಗೆ ಬರಬೇಕು. ಮಾಲಿಗೆ ಇದನ್ನು ಹೇಳಬೇಕಾದ್ದೂ ಸಂಘವೇ. ಬಿಸಿಲಲ್ಲಿ ಪೈಪ್ ಹಿಡಿದು ನಿಂತವರ ಫೋಟೊ ತೆಗೆದು ಗ್ರೂಪ್‌ಗೆ ಹಾಕಿದರೆ ನೀರು ಉಳಿಯಲ್ಲ. ಲಾನ್ ಒಣಗಿದರೆ ಕೆಲಸ ಹೋಗುತ್ತೆ ಅನ್ನೋ ಭಯದಲ್ಲಿ ಅವರು ನೀರು ಬಿಡುತ್ತಿರುತ್ತಾರೆ.

ಮುಂದಿನ ಆದೇಶದಲ್ಲಿ ಏನಿರಬೇಕು?

ಅಪಾರ್ಟ್‌ಮೆಂಟ್‌ಗಳಿಗೆ ಹೊಸ ಕಾಯ್ದೆ ಬೇಕು ಅನ್ನೋ ಕೂಗು ಹಳೆಯದು, ಸರ್ಕಾರವೂ ಆ ಬಗ್ಗೆ ನಿವಾಸಿ ಸಂಘಗಳ ಜೊತೆ ಮಾತಾಡಿದೆ. ಕಾಯ್ದೆ ಆಗುವಾಗ ಆಗಲಿ. ಜಲಮಂಡಳಿಯ ಬೇಸಿಗೆ ಆದೇಶಕ್ಕೆ ನಾಲ್ಕು ಸಾಲು ಸೇರಿಸಿದರೆ ಅರ್ಧ ಜಗಳ ಮುಗಿಯುತ್ತೆ.

ಒಂದು, ನಿರ್ಬಂಧ ಜಾರಿಯಲ್ಲಿರುವಷ್ಟು ದಿನ ಲಾನ್ ಒಣಗಿದ್ದಕ್ಕೆ ಯಾವ ಸಂಘವೂ ನೋಟಿಸ್, ದಂಡ, ಹೆಚ್ಚುವರಿ ಮೇಂಟೆನೆನ್ಸ್ ಹಾಕುವಂತಿಲ್ಲ. ಎರಡು, ಎಸ್‌ಟಿಪಿ ಇರುವ ಸಮುಚ್ಚಯ ಸಂಸ್ಕರಿಸಿದ ನೀರನ್ನೇ ತೋಟಕ್ಕೆ ಬಳಸಬೇಕು, ಅದಕ್ಕೆ ಬೇರೆ ಮೀಟರ್ ಇರಬೇಕು. ಮೂರು, ದಂಡವನ್ನು ಸಂಪರ್ಕಕ್ಕೆ ಇಷ್ಟು ಅಂತ ಹಾಕುವ ಬದಲು ಮನೆಗಳ ಸಂಖ್ಯೆ ಅಥವಾ ಲಾನ್ ಅಳತೆಗೆ ತಕ್ಕಂತೆ ಹಾಕಬೇಕು. ನಾಲ್ಕು, ಹುಲ್ಲು ತೆಗೆದು ಕಡಿಮೆ ನೀರಿನ ಗಿಡ ಹಾಕಿದವರನ್ನು ಮತ್ತೆ ಲಾನ್ ಹಾಕಿ ಅಂತ ಕಾಡುವಂತಿಲ್ಲ.

ಮೂರನೆಯದಕ್ಕೆ ದಂಡದ ಕಲಮನ್ನೇ ತಿದ್ದಬೇಕಾಗಬಹುದು, ಸಮಯ ಹಿಡಿಯುತ್ತೆ. ಉಳಿದವಕ್ಕೆ ಸಂಘಗಳು ಸರ್ಕಾರದ ದಾರಿ ಕಾಯಬೇಕಿಲ್ಲ. ಜನರಲ್ ಬಾಡಿ ಮೀಟಿಂಗ್‌ನಲ್ಲಿ ಒಂದು ಠರಾವು ಸಾಕು: ಫೆಬ್ರವರಿಯಿಂದ ಮೊದಲ ಮಳೆವರೆಗೆ ಲಾನ್ ನಿಯಮ ಅಮಾನತು, ತೋಟಕ್ಕೆ ಎಸ್‌ಟಿಪಿ ನೀರು ಮಾತ್ರ, ಮರಗಳಿಗೆ ಮೊದಲ ಪಾಲು. ತಿಂಗಳ ಬಿಲ್ ಜೊತೆ ತೋಟಕ್ಕೆ ಹೋದ ನೀರಿನ ಲೆಕ್ಕವನ್ನೂ ಒಂದು ಸಾಲಿನಲ್ಲಿ ಕೊಡಬೇಕು. ಹುಲ್ಲಿಗೆ ಹೋದ ಲೀಟರ್ ಎಷ್ಟು, ಟ್ಯಾಂಕರ್‌ಗೆ ಕೊಟ್ಟ ದುಡ್ಡು ಎಷ್ಟು ಅನ್ನೋದು ಅಕ್ಕಪಕ್ಕ ಕಂಡರೆ, ಲಾನ್ ಹಸಿರಾಗಿರಬೇಕಾ ಬೇಡ್ವಾ ಅನ್ನೋದನ್ನು ನಿವಾಸಿಗಳೇ ತೀರ್ಮಾನ ಮಾಡುತ್ತಾರೆ.